ಕಿವಿಗೆ ಕೂಲಿಯಿಲ್ಲದ ದುರಸ್ತಿ

ಕಾರನ್ನು ಸರ್ವಿಸ್‌ಗೆ ಬಿಡುವಾಗ ತುಂಬಿಸಲಾಗುವ ಜಾಬ್ ಕಾರ್ಡ್ ಎಂಬ ಹಾಳೆಯನ್ನು ಓದುಗರಲ್ಲಿ ಹೆಚ್ಚಿನವರು ನೋಡಿರುತ್ತೀರಿ. ಓದಿದವರು ಮಾತ್ರ ಕಡಿಮೆ. ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿ ಆಟೊ ಹಿಡಿದು ಕಚೇರಿಗೆ ಹೋಗುವುದು ನಮ್ಮೆಲ್ಲರ ವಾಡಿಕೆ. ಆ ಹಾಳೆಯಲ್ಲಿ ಗ್ರಾಹಕರ ದೂರನ್ನು ಬರೆಯಲು ಒಂದು ಕಾಲಂ ಇರುತ್ತದೆ. ಬೆಳಗಿನ ಹೊತ್ತು ಎಂಜಿನ್ ಹೇಗೆ ಸದ್ದು ಮಾಡುತ್ತದೆ, ಎಷ್ಟು ಹೊತ್ತು ಮಾಡುತ್ತದೆ, ಏರಿನಲ್ಲಿ ಏನಾಗುತ್ತದೆ ಎಂದು ನಾವು ಐದು ನಿಮಿಷ ವಿವರಿಸಿದರೂ ಅಲ್ಲಿ ಅಚ್ಚಾಗುವುದು ಎರಡೇ ಪದ: ‘ಎಂಜಿನ್ ನಾಯ್ಸ್’. ವೈದ್ಯರ ಬಳಿ ಹೋದ ರೋಗಿಯ ಚೀಟಿಯಲ್ಲಿ ‘ನೋವು’ ಎಂದಷ್ಟೇ ಬರೆದು ಒಳಗೆ ಕಳಿಸಿದ ಹಾಗೆ.

ಸದ್ದನ್ನು ಹೆಸರಿಸುವುದಕ್ಕೆ ಕನ್ನಡದಲ್ಲಿ ಬಡತನವೇನೂ ಇಲ್ಲ. ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ನಾವು ಉರು ಹೊಡೆದ ಪಟಪಟ, ಗಡಗಡ, ಝಣಝಣ, ಕಿರ್ರನೆ ಮುಂತಾದವು ಕೇವಲ ಪರೀಕ್ಷೆಯ ಎರಡು ಅಂಕಗಳಿಗಾಗಿ ಇರುವಂಥವಲ್ಲ. ಕಾರಿನ ಮಟ್ಟಿಗೆ ಅವು ಒಂದೊಂದೂ ರೋಗಲಕ್ಷಣದ ಹೆಸರು. ಮಳೆಗಾಲದ ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಕಿರ್ರೆಂದು ಕಿರುಚಿ ಅರ್ಧ ನಿಮಿಷದಲ್ಲಿ ಸುಮ್ಮನಾದರೆ ಅದು ಬಹುತೇಕ ಆಲ್ಟರ್ನೇಟರ್ ತಿರುಗಿಸುವ ಬೆಲ್ಟು. ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದಾಗ ಸದ್ದು ಕ್ಷಣಕಾಲ ಬದಲಾದರೆ ಅನುಮಾನ ಬಲವಾಗುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ತಗಡಿನ ಡಬ್ಬ ಅಲುಗಾಡಿಸಿದಂತೆ ಝಲ್ಲೆಂದು, ಸ್ವಲ್ಪ ಹೆಚ್ಚು ಒತ್ತಿದರೆ ಮಾಯವಾಗುವುದು ಸೈಲೆನ್ಸರ್ ಕೊಳವೆಯ ಶಾಖ ತಡೆಯುವ ತಗಡು. ಅದಕ್ಕೆ ಬೇಕಾದದ್ದು ಒಂದು ಕ್ಲಿಪ್ಪು. ಶಿರಾಡಿ ಘಾಟಿಯನ್ನು ನಾಲ್ಕನೇ ಗೇರಿನಲ್ಲೇ ಹತ್ತಿಸಲು ಹೊರಟವರಿಗೆ ಕೇಳಿಸುವ ಕಿಣಿಕಿಣಿ, ಪೆಟ್ರೋಲು ಹೊತ್ತಬೇಕಾದ ರೀತಿಯಲ್ಲಿ ಹೊತ್ತದೆ ಸಿಡಿಯುತ್ತಿರುವುದರ ಸೂಚನೆ. ಇನ್ನು ಎಂಜಿನ್ನಿನ ಹೊಟ್ಟೆಯಿಂದ ದಡ್ ದಡ್ ಎಂಬ ಗಂಭೀರ ಪೆಟ್ಟು ಕೇಳಿತೆಂದರೆ ಅದು ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದ್ದಿರಬಹುದು. ಆಗ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಟೋಯಿಂಗ್‌ನವರಿಗೆ ಫೋನ್ ಮಾಡುವುದು ಕ್ಷೇಮ. ನಮ್ಮ ಊರಿನಲ್ಲಿ ಮರದ ಕೆಳಗೆ ನಿಲ್ಲಿಸಿದ ಕಾರುಗಳ ಬ್ಲೋಯರ್ ಒಳಗೆ ಒಣ ಎಲೆ ಸೇರಿಕೊಂಡು ಪರಪರ ಎನ್ನುವುದೂ ಉಂಟು. ಇಷ್ಟನ್ನೂ ಜಾಬ್ ಕಾರ್ಡ್ ಒಂದೇ ಹೆಸರಿನಿಂದ ಕರೆಯುತ್ತದೆ.

ಇವೆಲ್ಲಕ್ಕಿಂತ ಮೋಸದ ಸದ್ದು ಎಂದರೆ ಟಿಕ್ ಟಿಕ್. ಏಕೆಂದರೆ ಆರೋಗ್ಯವಂತ ಎಂಜಿನ್ನಿನಲ್ಲೂ ಟಿಕ್ ಎನ್ನುವ ಅಂಗಗಳು ಹಲವು. ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ಹುಟ್ಟಿನಿಂದಲೇ ಟಿಕ್ ಎನ್ನುತ್ತದೆ. ವಾಲ್ವನ್ನು ಒತ್ತುವ ಟ್ಯಾಪೆಟ್‌ನಲ್ಲಿ ಅಂತರ ಹೆಚ್ಚಾದರೆ ಅದೂ ಟಿಕ್ ಎನ್ನುತ್ತದೆ. ಸಡಿಲಗೊಂಡ ಸ್ಪಾರ್ಕ್ ಪ್ಲಗ್ಗಿನ ಸಂದಿಯಿಂದ, ಹೊಗೆ ಹೊರಹೋಗುವ ಮ್ಯಾನಿಫೋಲ್ಡಿನ ಸಂದಿಯಿಂದ ಅನಿಲ ಸೋರಿದರೂ ಕೇಳುವವರ ಕಿವಿಗೆ ಅದು ಲೋಹಕ್ಕೆ ಲೋಹ ತಾಗಿದ ಟಿಕ್‌ನಂತೆಯೇ ಕೇಳುತ್ತದೆ.

ಕಳೆದ ವರ್ಷ ನನ್ನ ಕಾರಿನಲ್ಲಿ ಶುರುವಾದದ್ದು ಈ ಸದ್ದು. ಎಂಟು ವರ್ಷ ಹಳೆಯ, ಮೂರು ಸಿಲಿಂಡರಿನ ಸಣ್ಣ ಕಾರು. ಯಾವ ಕಂಪನಿಯದು ಎಂಬುದು ಇಲ್ಲಿ ಅಪ್ರಸ್ತುತ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಂದಿನಿಂದ ನಮ್ಮ ಮಧ್ಯಮವರ್ಗಕ್ಕೆ ಮೂರು ಸಿಲಿಂಡರಿನ ಎಂಜಿನ್ ಮನೆಯ ಸದಸ್ಯನಷ್ಟು ಪರಿಚಿತ. ಅದರ ಸಿಲಿಂಡರುಗಳು 240 ಡಿಗ್ರಿಗೊಮ್ಮೆ ಸರದಿಯಂತೆ ಉರಿಯುವುದರಿಂದ ನಾಲ್ಕು ಸಿಲಿಂಡರಿನ ನಯ ಅದಕ್ಕಿಲ್ಲ. ನಿಂತಲ್ಲೇ ಒಂದಿಷ್ಟು ನಡುಗುವುದು ಅದರ ಹುಟ್ಟುಗುಣ. ಆದ್ದರಿಂದ ಅದನ್ನು ವರ್ಷಗಟ್ಟಲೆ ಓಡಿಸಿದವರಿಗೆ ಯಾವುದು ಅದರ ಸ್ವಂತ ದನಿ, ಯಾವುದು ಹೊಸದಾಗಿ ಸೇರಿಕೊಂಡದ್ದು ಎಂಬುದು ತಿಳಿದೇ ತಿಳಿಯುತ್ತದೆ. ಈ ಟಿಕ್ ಟಿಕ್ ಬೆಳಗಿನ ಮೊದಲ ಹತ್ತು ನಿಮಿಷ ಮಾತ್ರ ಇರುತ್ತಿತ್ತು. ಬಸವನಗುಡಿಯ ಏರಿನಲ್ಲಿ ಜೋರಾಗಿ, ಎಂಜಿನ್ ಕಾದ ಮೇಲೆ ಇಲ್ಲವಾಗುತ್ತಿತ್ತು.

ಸರ್ವಿಸ್ ಸ್ಟೇಷನ್ ನಮ್ಮ ಮನೆಯಿಂದ ಒಂಬತ್ತು ಕಿಲೋಮೀಟರ್. ಬೆಂಗಳೂರಿನ ಸಂಚಾರದಲ್ಲಿ ಅಷ್ಟು ದೂರ ಸಾಗುವಷ್ಟರಲ್ಲಿ ಎಂಜಿನ್ ಕಾದು ಸದ್ದು ಸತ್ತಿರುತ್ತಿತ್ತು. ಮೊದಲ ಸಲ ‘ನಾರ್ಮಲ್ ಸಾರ್’ ಎಂದರು. ಎರಡನೇ ಸಲ ಎಂಜಿನ್ ಆಯಿಲ್ ಬದಲಿಸಿದರು. ಮೂರನೇ ಸಲ ರಾತ್ರಿ ಅಲ್ಲೇ ಬಿಟ್ಟು ಬಂದೆ. ಬೆಳಿಗ್ಗೆ ಜಾಗ ಮಾಡಲೆಂದು ಅದನ್ನು ಅತ್ತಿತ್ತ ಓಡಿಸಿ, ಹನ್ನೊಂದು ಗಂಟೆಗೆ ಬೇಗೆ ಸೇರಿಸಿ, ಕಂಪ್ಯೂಟರ್ ಜೋಡಿಸಿ ನೋಡಿದ್ದಾರೆ. ಯಾವ ದೋಷಸಂಕೇತವೂ ಇಲ್ಲ. ಸಂಜೆ ಅಂದಾಜುಪಟ್ಟಿ ಬಂತು. ಟ್ಯಾಪೆಟ್ ಸದ್ದು ಎಂದು ಶಂಕೆ, ಸಿಲಿಂಡರ್ ಹೆಡ್ ಬಿಚ್ಚಿ ವಾಲ್ವು ಕೆಲಸ ಮಾಡಬೇಕು, ಎಲ್ಲ ಸೇರಿ 31,400 ರೂಪಾಯಿ.

ಇಲ್ಲಿ ಕಂಪ್ಯೂಟರನ್ನು ದೂಷಿಸುವುದು ಸುಲಭ, ಆದರೆ ಅನ್ಯಾಯ. ಸ್ಕ್ಯಾನರ್ ಓದುವುದು ಸೆನ್ಸರುಗಳು ಹೇಳಿದ್ದನ್ನು. ಎಂಜಿನ್ನಿನಲ್ಲಿ ಕಿವಿಯಂಥ ಸೆನ್ಸರ್ ಒಂದು ಇದ್ದೇ ಇದೆ. ನಾಕ್ ಸೆನ್ಸರ್ ಎಂಬ ಆ ಸಾಧನ ಕಂಪನವನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಆದರೆ ಅದನ್ನು ಹೊಂದಿಸಿರುವುದು ಘಾಟಿಯ ಆ ಕಿಣಿಕಿಣಿಗೆ ಮಾತ್ರ. ಉಳಿದ ಸದ್ದುಗಳಿಗೆ ಅದು ಕಿವುಡು. ಪರದೆಯಲ್ಲಿ ಏನೂ ಕಾಣದಿರುವುದಕ್ಕೂ ಎಂಜಿನ್ನಿನಲ್ಲಿ ಏನೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸವನ್ನು ಹೇಳಿಕೊಡಬೇಕಾದವರು ಮನುಷ್ಯರು.

ನಾನು ಕಾರನ್ನು ವಿಲ್ಸನ್ ಗಾರ್ಡನ್ನಿನ ಒಂದು ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಅಲ್ಲಿನ ಮೇಸ್ತ್ರಿ ಬಾನೆಟ್ ಎತ್ತುವ ಮುನ್ನ ಕೇಳಿದ್ದು ಒಂದೇ ಪ್ರಶ್ನೆ. “ಟಕಟಕ ಅನ್ನುತ್ತೋ, ಟಿಕ್ ಟಿಕ್ ಅನ್ನುತ್ತೋ, ಇಲ್ಲ ಚಸ್ ಚಸ್ ಅಂತ ಉಸಿರು ಬಿಟ್ಟಂಗೆ ಇರುತ್ತೋ ಸಾರ್?” ಎಲ್ಲವೂ ಸ್ವಲ್ಪ ಸ್ವಲ್ಪ ಎಂದೆ. “ಹಂಗಾದ್ರೆ ಇವತ್ತು ನೋಡಿ ಪ್ರಯೋಜನ ಇಲ್ಲ. ಗಾಡಿ ಬಿಟ್ಟು ಹೋಗಿ, ನಾಳೆ ಆರೂವರೆಗೆ ಬನ್ನಿ, ನೀವೇ ಸೆಲ್ಫ್ ಹೊಡೀರಿ” ಎಂದರು.

ಮರುದಿನ ಅವರು ಮಾಡಿದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ತಣ್ಣಗಿದ್ದ ಎಂಜಿನ್ ಶುರುವಾದೊಡನೆ ಸದ್ದು ಹಾಜರಾಯಿತು. ಅದು ಎಂಜಿನ್ನಿನ ವೇಗಕ್ಕೆ ತಕ್ಕಂತೆ ಏರಿಳಿಯುತ್ತದೆಯೇ ಎಂದು ಮೊದಲು ನೋಡಿದರು, ಏರಿಳಿಯಿತು. ಆದರೆ ಅಷ್ಟರಿಂದ ತೀರ್ಮಾನ ಸಾಧ್ಯವಿಲ್ಲ. ವಾಲ್ವುಗಳನ್ನು ನಡೆಸುವ ಕ್ಯಾಮ್‌ಶಾಫ್ಟ್, ಕ್ರ್ಯಾಂಕ್‌ಶಾಫ್ಟಿನ ಅರ್ಧ ವೇಗದಲ್ಲಿ ಸುತ್ತುತ್ತದೆ. ಹೀಗಾಗಿ ಒಂದು ಟ್ಯಾಪೆಟ್ ಬಡಿಯುವುದು ಎರಡು ಸುತ್ತಿಗೊಮ್ಮೆ. ಒಂದು ಸಿಲಿಂಡರಿನ ಹೊಗೆ ಹೊರಬೀಳುವುದೂ ಎರಡು ಸುತ್ತಿಗೊಮ್ಮೆಯೇ. ನಿಂತ ಕಾರಿನಲ್ಲಿ ನಿಮಿಷಕ್ಕೆ ಎಂಟು ನೂರು ಸುತ್ತು ಎಂದಿಟ್ಟುಕೊಂಡರೆ ಎರಡೂ ಸೆಕೆಂಡಿಗೆ ಆರೇಳು ಸಲ ಟಿಕ್ ಎನ್ನುತ್ತವೆ. ತಾಳ ಒಂದೇ, ವಾದ್ಯ ಬೇರೆ.

ಆಮೇಲೆ ಅವರು ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ಕಳಚುತ್ತ ಹೋದರು. ಪೆಟ್ರೋಲು ಸಿಗದ ಸಿಲಿಂಡರಿನಲ್ಲಿ ಸ್ಫೋಟವಿಲ್ಲ, ರಭಸದ ಹೊಗೆಯೂ ಇಲ್ಲ. ಆದರೆ ವಾಲ್ವುಗಳು ಎಂದಿನಂತೆ ಬಡಿಯುತ್ತಲೇ ಇರುತ್ತವೆ. ಟ್ಯಾಪೆಟ್ ಸದ್ದಾಗಿದ್ದರೆ ಕನೆಕ್ಟರ್ ಕಳಚಿದರೂ ಅದು ನಿಲ್ಲಬಾರದು. ಒಂದನೆಯದಕ್ಕೆ ನಿಲ್ಲಲಿಲ್ಲ, ಎರಡನೆಯದಕ್ಕೆ ನಿಲ್ಲಲಿಲ್ಲ. ಮೂರನೆಯದನ್ನು ಕಳಚಿದಾಗ ಎಂಜಿನ್ ಕುಂಟಿತು, ಟಿಕ್ ಟಿಕ್ ನಿಂತಿತು. ಮರಳಿ ಜೋಡಿಸಿ, ಹಿಂದೆ ಹೋಗಿ ಸೈಲೆನ್ಸರಿನ ಬಾಯಿಗೆ ಒದ್ದೆ ಗೋಣಿ ಒತ್ತಿ ಹಿಡಿಯಲು ಹುಡುಗನಿಗೆ ಹೇಳಿದರು. ಹೊಗೆಗೆ ಹೊರದಾರಿ ಇಕ್ಕಟ್ಟಾದ ಆ ಎರಡು ಮೂರು ಸೆಕೆಂಡು ಬಾನೆಟ್ಟಿನಡಿ ಸದ್ದು ಜೋರಾಯಿತು. ಕೊನೆಗೆ ಗಜ ಉದ್ದದ ರಬ್ಬರ್ ಟ್ಯೂಬಿನ ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಮ್ಯಾನಿಫೋಲ್ಡಿನ ಅಂಚಿನುದ್ದಕ್ಕೂ ಆಡಿಸಿದರು. ಲೋಹದ ಬಡಿತ ಹುಡುಕುವಾಗ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತುವವರು ಗಾಳಿಯ ಸೋರಿಕೆ ಹುಡುಕಲು ಟ್ಯೂಬು ಬಳಸುತ್ತಾರೆ ಎಂಬುದು ನನಗೆ ತಿಳಿದದ್ದು ಆಗಲೇ. “ಮೂರನೇದರ ಹತ್ರ, ಕೆಳಗಿನ ಸ್ಟಡ್ ಮುರಿದಿರುತ್ತೆ” ಎಂದರು. ಇನ್ನೂ ಏನನ್ನೂ ಬಿಚ್ಚಿರಲಿಲ್ಲ. ಶಾಖದ ತಗಡು ತೆಗೆದಾಗ ಸ್ಟಡ್ ಮುರಿದಿತ್ತು, ಗ್ಯಾಸ್ಕೆಟ್ಟಿನ ಪಕ್ಕದಲ್ಲಿ ಕಾಡಿಗೆ ತೀಡಿದಂತೆ ಮಸಿಯ ಗೆರೆ ಇತ್ತು. ಕನೆಕ್ಟರ್ ಕಳಚಿದ್ದಕ್ಕೆ ಹೊತ್ತಿಕೊಂಡಿದ್ದ ಎಚ್ಚರಿಕೆಯ ದೀಪವನ್ನು ತಮ್ಮದೇ ಪುಟ್ಟ ಸ್ಕ್ಯಾನರಿನಿಂದ ಆರಿಸಿದರು. ಈ ಮೇಸ್ತ್ರಿಗಳನ್ನು ಯಂತ್ರವಿರೋಧಿ ಎಂದು ಯಾರೂ ಭಾವಿಸಬೇಕಿಲ್ಲ.

ಕಾಯಿಲೆ ಏನೂ ನಿಗೂಢವಲ್ಲ. ನನ್ನ ಕಾರಿನಲ್ಲಿ ಹೆಡ್ ಅಲ್ಯೂಮಿನಿಯಂನದು, ಮ್ಯಾನಿಫೋಲ್ಡ್ ಎರಕದ ಕಬ್ಬಿಣದ್ದು. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸರಿಸುಮಾರು ಎರಡು ಪಟ್ಟು ಹಿಗ್ಗುತ್ತದೆ. ನಗರದ ಕಾರು ದಿನಕ್ಕೆ ನಾಲ್ಕು ಸಲ ಕಾದು ನಾಲ್ಕು ಸಲ ತಣಿಯುತ್ತದೆ. ಈ ಜಗ್ಗಾಟದಲ್ಲಿ ತುದಿಯ ಸ್ಟಡ್ ಎಂದಾದರೊಂದು ದಿನ ಸೋಲುತ್ತದೆ. ತಣ್ಣಗಿದ್ದಾಗ ತೆರೆದಿರುವ ಸಂದಿ ಬಿಸಿಯಾದಾಗ ಹಿಗ್ಗಿ ಮುಚ್ಚಿಕೊಳ್ಳುವುದರಿಂದಲೇ ಸದ್ದು ಹತ್ತು ನಿಮಿಷದ ಅತಿಥಿಯಾಗಿದ್ದದ್ದು. ಹಾಗೆಂದು ಇದು ಕೇವಲ ಕಿರಿಕಿರಿಯೂ ಅಲ್ಲ. ಬಾನೆಟ್ಟಿನಡಿ ಸೋರುವ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಕಾರಿನೊಳಕ್ಕೆ ಹೊರಗಾಳಿ ಎಳೆಯುವ ಕಿಂಡಿ ಇರುವುದು ಗಾಜಿನ ಬುಡದಲ್ಲಿ, ಅದರ ಹಿಂದೆಯೇ.

ಮುರಿದ ಸ್ಟಡ್ಡಿನ ತುದಿಗೆ ನಟ್ಟು ವೆಲ್ಡ್ ಮಾಡಿ ತಿರುಗಿಸಿ ತೆಗೆದು, ಜೆ.ಸಿ. ರಸ್ತೆಯಿಂದ ಹೊಸ ಗ್ಯಾಸ್ಕೆಟ್ ತರಿಸಿ ಹಾಕಿದರು. ಒಟ್ಟು 1,450 ರೂಪಾಯಿ. ಬಿಲ್ಲಿನಲ್ಲಿ ಗ್ಯಾಸ್ಕೆಟ್, ಸ್ಟಡ್, ನಟ್ಟು, ವೆಲ್ಡಿಂಗ್, ಬಿಚ್ಚಿ ಜೋಡಿಸಿದ ಕೂಲಿ ಎಲ್ಲವೂ ಇತ್ತು. ಬೆಳಿಗ್ಗೆ ಕಿವಿಗೊಟ್ಟು ಕೇಳಿದ್ದಕ್ಕೆ ಏನೂ ಇರಲಿಲ್ಲ. ಅದಕ್ಕೆಂದು ಐನೂರು ರೂಪಾಯಿ ಕೊಡಹೋದಾಗ ಅವರಿಗೆ ಮುಜುಗರವಾಯಿತು. “ನೋಡಿದ್ದಕ್ಕೆಲ್ಲ ದುಡ್ಡು ತಗೊಂಡ್ರೆ ನಾಳೆ ಯಾರು ಬರ್ತಾರೆ ಸಾರ್” ಎಂದರು.

ಮೂವತ್ತೊಂದು ಸಾವಿರದ ಬದಲು ಒಂದೂವರೆ ಸಾವಿರದಲ್ಲಿ ಮುಗಿಯಿತೆಂಬುದು ನನ್ನ ವಾದದ ತಿರುಳಲ್ಲ. ಅದಕ್ಕಿಂತ ಗಂಭೀರವಾದದ್ದು ಬೇರೊಂದಿದೆ. ಸರ್ವಿಸ್ ಸ್ಟೇಷನ್ನಿನವರು ಹೇಳಿದಂತೆ ಹೆಡ್ ಬಿಚ್ಚಿಸಿದ್ದರೂ ಸದ್ದು ನಿಲ್ಲುತ್ತಿತ್ತು! ಹೆಡ್ ಹೊರಬರಬೇಕಾದರೆ ಮ್ಯಾನಿಫೋಲ್ಡ್ ಕಳಚಲೇಬೇಕು. ಕಳಚಿದಾಗ ಮುರಿದ ಸ್ಟಡ್ ಕೈಗೆ ಸಿಗುತ್ತಿತ್ತು. ಮರಳಿ ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಬೀಳುತ್ತಿತ್ತು. ಆರೋಗ್ಯವಾಗಿದ್ದ ವಾಲ್ವುಗಳಿಗೆ ಚಿಕಿತ್ಸೆಯಾಗಿ, ಕಾಯಿಲೆ ತಾನಾಗಿ ವಾಸಿಯಾಗಿ, ನಾನು ಧನ್ಯವಾದ ಹೇಳಿ ಬರುತ್ತಿದ್ದೆ. ಅವರ ದಾಖಲೆಯಲ್ಲಿ ‘ಟ್ಯಾಪೆಟ್ ಸದ್ದು, ಸರಿಪಡಿಸಲಾಗಿದೆ’ ಎಂದು ಸೇರುತ್ತಿತ್ತು. ಮುಂದಿನ ವಾರ ಇಂಥದೇ ಸದ್ದಿನ ಇನ್ನೊಂದು ಕಾರು ಬಂದಾಗ ಆ ದಾಖಲೆಯೇ ಪ್ರಮಾಣವಾಗುತ್ತಿತ್ತು. ಸುತ್ತಮುತ್ತಲಿನದನ್ನೆಲ್ಲ ಬದಲಿಸುವ ದುರಸ್ತಿಯಲ್ಲಿ ತಪ್ಪು ರೋಗನಿರ್ಣಯ ಎಂದೂ ಸಿಕ್ಕಿಬೀಳುವುದಿಲ್ಲ. ಸಿಕ್ಕಿಬೀಳದ ತಪ್ಪಿನಿಂದ ಯಾರೂ ಏನೂ ಕಲಿಯುವುದಿಲ್ಲ.

ವೈದ್ಯಕೀಯದ ಚರಿತ್ರೆಯಲ್ಲಿ ಇದಕ್ಕೊಂದು ಪಾಠವಿದೆ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದ್ದು ಸ್ಟೆತಸ್ಕೋಪಿನ ಹುಟ್ಟು ಎಂದು ಎಲ್ಲರೂ ಓದಿದ್ದೇವೆ. ಮೂರು ವರ್ಷಗಳ ನಂತರ ಅವನು ಪ್ರಕಟಿಸಿದ ಗ್ರಂಥದ ಬೆಲೆ ಇರುವುದು ಬರೀ ಆ ಕೊಳವೆಯಲ್ಲಲ್ಲ. ಬದುಕಿದ್ದಾಗ ಎದೆಯಲ್ಲಿ ಕೇಳಿಸಿದ ಸದ್ದನ್ನು ಮರಣೋತ್ತರ ಪರೀಕ್ಷೆಯಲ್ಲಿ ಶ್ವಾಸಕೋಶದಲ್ಲಿ ಕಂಡದ್ದರೊಡನೆ ತಾಳೆ ನೋಡಿದ್ದರಲ್ಲಿ ಅದರ ಬೆಲೆ ಇದೆ. ಮೊದಲು ಹೇಳಬೇಕು, ಆಮೇಲೆ ತೆರೆದು ನೋಡಬೇಕು. ಮೇಸ್ತ್ರಿ ‘ಕೆಳಗಿನ ಸ್ಟಡ್’ ಎಂದು ಬಿಚ್ಚುವ ಮೊದಲೇ ಹೇಳಿದ್ದರಿಂದ ಅವರ ಮಾತು ಸುಳ್ಳಾಗುವ ಅವಕಾಶವಿತ್ತು. ಸುಳ್ಳಾಗಿದ್ದರೆ ಹತ್ತಿರ ನಿಂತಿದ್ದ ಹುಡುಗನೂ ಅದನ್ನು ನೋಡುತ್ತಿದ್ದ.

ಸರ್ವಿಸ್ ಸ್ಟೇಷನ್ನಿನ ಹುಡುಗರು ದಡ್ಡರೇ? ಖಂಡಿತ ಅಲ್ಲ. ಅಲ್ಲಿ ನನ್ನ ಕಾರನ್ನು ನೋಡಿದ ಯುವಕ ಐಟಿಐಯಲ್ಲಿ ಎರಡು ವರ್ಷದ ಮೋಟಾರ್ ಮೆಕ್ಯಾನಿಕ್ ಕೋರ್ಸ್ ಮುಗಿಸಿದವನು. ಸಂಜೆಯೊಳಗೆ ಇಷ್ಟು ಕಾರುಗಳನ್ನು ಹೊರಗೆ ಕಳಿಸಬೇಕೆಂಬ ಲೆಕ್ಕ ಅವನ ತಲೆಯ ಮೇಲೆ. ತಣ್ಣಗಿನ ಎಂಜಿನ್ನಿನ ಮುಂದೆ ಅರ್ಧ ಗಂಟೆ ಕಿವಿಗೊಟ್ಟು ನಿಂತರೆ ಆ ಅರ್ಧ ಗಂಟೆಯನ್ನು ಯಾವ ಬಿಲ್ಲಿಗೂ ಸೇರಿಸುವಂತಿಲ್ಲ. ಹೆಡ್ ಬಿಚ್ಚುವ ಕೆಲಸಕ್ಕಾದರೆ ಇಂತಿಷ್ಟು ಗಂಟೆ, ಇಂತಿಷ್ಟು ದರ ಎಂದು ನಿಗದಿಯಾಗಿದೆ. ಗ್ಯಾರೇಜಿನಲ್ಲಿ ಕೇಳುವಿಕೆ ಪುಕ್ಕಟೆ, ಸ್ಟೇಷನ್ನಿನಲ್ಲಿ ಕೇಳುವಿಕೆ ನಷ್ಟ. ಎರಡು ಕಡೆಯೂ ಅದಕ್ಕೆ ಕೂಲಿಯಿಲ್ಲ. ಬಿಡಿಭಾಗಕ್ಕೆ ಸಾವಿರಗಟ್ಟಲೆ ಕೊಡುವಾಗ ತಕರಾರು ತೆಗೆಯದ ನಾವು, ಪತ್ತೆಗಾಗಿ ಐನೂರು ಕೇಳಿದರೆ ‘ಬರೀ ನೋಡಿದ್ದಕ್ಕೇ?’ ಎನ್ನುತ್ತೇವೆ. ಅದೇ ನಾವು ತಜ್ಞವೈದ್ಯರಿಗೆ ಎಂಟು ನೂರು ಕೊಟ್ಟು ಹತ್ತು ನಿಮಿಷ ‘ಬರೀ ನೋಡಿಸಿಕೊಂಡು’ ಬರುತ್ತೇವಲ್ಲ!

ಬೀದಿಬದಿಯ ಗ್ಯಾರೇಜುಗಳನ್ನು ದೇವಸ್ಥಾನ ಮಾಡುವ ಉದ್ದೇಶ ನನಗಿಲ್ಲ. ಎಂಜಿನ್ ಬಿಸಿಯಾಗುತ್ತದೆ ಎಂದರೆ ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಮಹಾನುಭಾವರು ನಮ್ಮಲ್ಲಿದ್ದಾರೆ. ಎಚ್ಚರಿಕೆಯ ದೀಪ ಕಾಡಿದರೆ ಅದರ ವೈರು ಕತ್ತರಿಸುವವರನ್ನೂ ಬಲ್ಲೆ. ಏರ್‌ಬ್ಯಾಗ್, ಎಬಿಎಸ್‌ನಂಥವುಗಳ ದುರಸ್ತಿಯಲ್ಲಿ ಕಿವಿಯೊಂದರಿಂದ ಏನೂ ಸಾಗದು. ಅಲ್ಲಿ ಕಂಪನಿಯ ಕೈಪಿಡಿಯೂ ಸಾಧನವೂ ಬೇಕೇ ಬೇಕು. ಪ್ರಶ್ನೆ ಏಳುವುದೂ ಇಲ್ಲಿಯೇ. ಆ ಕೈಪಿಡಿ, ಆ ಸಾಧನ ಸ್ವತಂತ್ರ ಗ್ಯಾರೇಜುಗಳ ಕೈಗೆ ಸಿಗುತ್ತಿಲ್ಲವೆಂಬ ದೂರು ಹಳೆಯದು. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದೇ ಕಾರಣಕ್ಕೆ, ಬಿಡಿಭಾಗಗಳನ್ನೂ ಪತ್ತೆ ಸಾಧನಗಳನ್ನೂ ತಾಂತ್ರಿಕ ಮಾಹಿತಿಯನ್ನೂ ಮುಕ್ತ ಮಾರುಕಟ್ಟೆಗೆ ಬಿಡಲಿಲ್ಲವೆಂದು, 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿತು. ಆದೇಶ ಮೇಲ್ಮನವಿಗಳ ಹಾದಿ ಹಿಡಿಯಿತು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿತು. ಅದರ ವ್ಯಾಪ್ತಿಯಲ್ಲಿ ಮೊಬೈಲು, ಗೃಹಬಳಕೆಯ ಸಾಧನ, ಕೃಷಿ ಯಂತ್ರಗಳ ಜೊತೆ ವಾಹನಗಳೂ ಸೇರಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಜಾಲತಾಣವೂ ಆರಂಭವಾಯಿತು.

ಈ ಪ್ರಯತ್ನಗಳೆಲ್ಲ ಸ್ವಾಗತಾರ್ಹವೇ. ಆದರೆ ಹಕ್ಕಿನ ಚರ್ಚೆ ಇಲ್ಲಿಯವರೆಗೂ ಬಿಡಿಭಾಗ ಮತ್ತು ಕೈಪಿಡಿಗಳ ಸುತ್ತಲೇ ಸುತ್ತಿದೆ. ಪತ್ತೆಗೆ ಪ್ರತ್ಯೇಕ ಶುಲ್ಕ, ಅದರ ಜೊತೆಗೆ ಲಿಖಿತ ನಿರ್ಣಯ ಎಂಬ ಪದ್ಧತಿಯನ್ನು ಯಾಕೆ ತರಬಾರದು? ‘ಮೂರನೇ ಸಿಲಿಂಡರಿನ ಬಳಿ ಹೊಗೆ ಸೋರಿಕೆ, ಕಂಡುಕೊಂಡ ಬಗೆ ಹೀಗೆ’ ಎಂದು ಬಿಚ್ಚುವ ಮೊದಲೇ ಬರೆದು ಸಹಿ ಹಾಕಿದ ಹಾಳೆಯೊಂದು ಗ್ರಾಹಕನ ಕೈಗೆ ಬರಲಿ. ಅದನ್ನು ಹಿಡಿದು ಅವನು ಅಲ್ಲೇ ಕೆಲಸ ಮಾಡಿಸಲಿ, ಇಲ್ಲವೇ ಬೇರೆ ಕಡೆ ಹೋಗಲಿ. ಎಂಟು ನೂರಲ್ಲ, ಸಾವಿರ ರೂಪಾಯಿ ಕೇಳಿದರೂ ನಾನು ಸಂತೋಷದಿಂದ ಕೊಡುತ್ತೇನೆ. ಜಾಬ್ ಕಾರ್ಡಿನಲ್ಲಿ ಗ್ರಾಹಕ ಆಡಿದ ಮಾತನ್ನು ಆಡಿದ ಭಾಷೆಯಲ್ಲೇ ಬರೆದುಕೊಳ್ಳಲು ನಾಲ್ಕು ಗೆರೆ ಜಾಗ ಬಿಟ್ಟರೆ ಇನ್ನೂ ಒಳ್ಳೆಯದು. ಬೆಂಗಳೂರಿನಲ್ಲಿ ಅದು ಕನ್ನಡ, ತಮಿಳು, ದಖನಿ ಯಾವುದೇ ಆಗಿರಲಿ, ಟಿಕ್ ಟಿಕ್ ಟಿಕ್ ಟಿಕ್ಕೇ ಆಗಿರುತ್ತದೆ.

ವಿದ್ಯುತ್ ಕಾರುಗಳು ಬರುತ್ತಿರುವಾಗ ಈ ಕಿವಿಯ ಕಸುಬಿಗೆ ಭವಿಷ್ಯವೆಲ್ಲಿ ಎಂದು ಸ್ನೇಹಿತರೊಬ್ಬರು ಕೇಳಿದರು. ಎಂಜಿನ್ನಿನ ಗದ್ದಲವಿಲ್ಲದ ಕಾರಿನಲ್ಲಿ ಚಕ್ರದ ಬೇರಿಂಗಿನ ಗುಂಯ್‌ಗಾಟವೂ ಸಸ್ಪೆನ್ಷನ್ನಿನ ಕಟಕಟವೂ ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತವೆ ಎಂಬುದು ಅದಕ್ಕೆ ಒಂದು ಉತ್ತರ. ಇನ್ನೊಂದು ಉತ್ತರ ಸಾರಿಗೆ ಕಚೇರಿಯ ಕಡತದಲ್ಲೇ ಇದೆ: ಈ ವರ್ಷ ಕೊಂಡ ಪೆಟ್ರೋಲ್ ಕಾರಿನ ನೋಂದಣಿ ಹದಿನೈದು ವರ್ಷ ಚಾಲ್ತಿಯಲ್ಲಿರುತ್ತದೆ, ಆಮೇಲೂ ಅದನ್ನು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಅಂದು ಆ ಕಾರುಗಳ ಬಾನೆಟ್ ಎತ್ತಬೇಕಾದವರು ಈಗ ಯಾವುದೋ ಗ್ಯಾರೇಜಿನಲ್ಲಿ ಸೈಲೆನ್ಸರಿನ ಬಾಯಿಗೆ ಒದ್ದೆ ಗೋಣಿ ಹಿಡಿಯುತ್ತಿರುವ ಹುಡುಗರು.